ಉದ್ದ ಪದಗಳ ಮೇಲಿನ ಓರೆ ಗೀಟು

ಶಿಗ್ಗಾಂವಿಯ ಕಚೇರಿಯಲ್ಲಿ ಕಾರಕೂನನಾಗಿದ್ದ ನನ್ನ ಸೋದರಮಾವ ಒಮ್ಮೆ ಹಾನಗಲ್ಲಿನ ನಮ್ಮ ಮನೆಗೆ ಬಂದಾಗ ಕೈಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ನನ್ನ ಮುಂದಿಟ್ಟ. ಅದು ಇಂಗ್ಲಿಷ್ ಡಿಕ್ಷನರಿ. ಪರಿಚಯದವರ ಮನೆಯಲ್ಲಿ ಮೂಲೆಗೆ ಬಿದ್ದಿತ್ತಂತೆ. ರಟ್ಟು ಹೋಗಿತ್ತು. ಪುಸ್ತಕವನ್ನು ಹೇಗೆ ಓದಬೇಕೆಂದು ತಿಳಿಸುವ ಮೊದಲಿನ ಪುಟಗಳೂ ಇರಲಿಲ್ಲ.

“ಮುಂದಿನ ಹಾಳಿ ಗೆದ್ದಲಾ ಓದ್ಯಾವು, ಉಳದದ್ದ ನೀ ಓದು,” ಎಂದು ಮಾವ ನಕ್ಕ.

ಆಗ ನನಗೆ ಇಪ್ಪತ್ತೊಂದು ವರ್ಷ. ಮದುವೆಯಾದ ಎರಡನೆಯ ವರ್ಷವೇ ಗಂಡ ವಿಷಮಜ್ವರದಿಂದ ತೀರಿಕೊಂಡಿದ್ದ. ಒಕ್ಕಲುತನದ ಜೊತೆಗೆ ಕಾಳಿನ ವ್ಯಾಪಾರ ಮಾಡುತ್ತಿದ್ದ ಅಪ್ಪ ಮಂದಿಯ ಮಾತಿಗೆ ಕಿವಿಗೊಡದೆ ನನ್ನನ್ನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡಿಸಿದ, ಆಮೇಲೆ ಧಾರವಾಡಕ್ಕೆ ಕಳಿಸಿ ಶಿಕ್ಷಕಿಯರ ತರಬೇತಿಯನ್ನೂ ಕೊಡಿಸಿದ. ಮನೆಯಲ್ಲೇ ಓದಿ ಮ್ಯಾಟ್ರಿಕ್ಕಿಗೂ ಕೂಡಬೇಕೆಂದು ನನಗೆ ಆಸೆ. ಅದಕ್ಕೆ ಇಂಗ್ಲಿಷ್ ಬೇಕಿತ್ತು. ತಮ್ಮನ ಹಳೆಯ ಪಾಠಪುಸ್ತಕಗಳಿಂದ ಓದು ಬರಹ ಕಲಿತಿದ್ದೆ. ಆದರೆ ಆ ಭಾಷೆಯನ್ನು ಆಡುವವರ ಬಾಯಿಂದ ಒಮ್ಮೆಯೂ ಕೇಳಿರಲಿಲ್ಲ. ಅಕ್ಷರಗಳನ್ನು ನೋಡಿ, ಕನ್ನಡದಲ್ಲಿ ಬರೆದದ್ದನ್ನು ಓದಿದ ಹಾಗೆ, ಒಂದೂ ಬಿಡದೆ ಓದುತ್ತಿದ್ದೆ.

ಡಿಕ್ಷನರಿಯಲ್ಲಿ ನನಗೆ ಅರ್ಥವಾಗದ ಒಂದು ಸಂಗತಿಯಿತ್ತು. ಪ್ರತಿಯೊಂದು ಉದ್ದ ಪದವನ್ನೂ ಸಣ್ಣ ಚುಕ್ಕೆಗಳಿಟ್ಟು ಮೂರು, ನಾಲ್ಕು, ಐದು ತುಂಡು ಮಾಡಿದ್ದರು. ಆ ತುಂಡುಗಳಲ್ಲಿ ಯಾವುದೋ ಒಂದರ ಮೇಲೆ ಮಾತ್ರ ಸಣ್ಣದೊಂದು ಓರೆ ಗೀಟು. ಒಂದು ಪದದಲ್ಲಿ ಅದು ಮೊದಲ ತುಂಡಿನ ಮೇಲಿದ್ದರೆ ಇನ್ನೊಂದರಲ್ಲಿ ಎರಡನೆಯದರ ಮೇಲೆ, ಮತ್ತೊಂದರಲ್ಲಿ ಕೊನೆಯದಕ್ಕಿಂತ ಒಂದು ಹಿಂದೆ. ಯಾಕೆ?

ಮಾವನನ್ನು ಕೇಳಿದೆ. “ಸಾಲಿನ ಕೊನೀಗೆ ಪದಾ ಹಿಡೀಲಿಲ್ಲಂದ್ರ ಎಲ್ಲಿ ಮುರೀಬೇಕು ಅನ್ನೋದಕ್ಕ ಆ ಚುಕ್ಕಿ. ನಾವೂ ಕಚೇರ್ಯಾಗ ಹಂಗ ಮುರೀತೇವಿ,” ಎಂದ. ಗೀಟಿನ ಬಗ್ಗೆ ಅವನಿಗೆ ತಿಳಿದಿರಲಿಲ್ಲ. ಒಂದು ಮದುವೆಗೆಂದು ಹಿರೇಕೆರೂರಿಗೆ ಹೋದಾಗ ಊಟದ ಪಂಕ್ತಿ ಎದ್ದ ಮೇಲೆ ಇಂಗ್ಲಿಷ್ ಶಾಲೆಯ ಮಾಸ್ತರರೊಬ್ಬರನ್ನು ಕೇಳಿದೆ. ಅವರು ಕನ್ನಡಕ ಏರಿಸಿ ನನ್ನನ್ನೇ ನೋಡಿದರು. “ಅದು ಛಾಪಖಾನೆಯವರ ಗುರುತವ್ವಾ. ನಮಗ್ಯಾಕ ಅದು?” ಎಂದು ಕೈ ತೊಳೆಯಲು ಹೋದರು.

ಕೊನೆಗೆ ನಾನೇ ಒಂದು ಉತ್ತರ ಹುಡುಕಿಕೊಂಡೆ. ತರಬೇತಿಯಲ್ಲಿ ನಮಗೆ ಛಂದಸ್ಸು ಕಲಿಸಿದ್ದರು. ಒತ್ತಕ್ಷರದ ಹಿಂದಿನ ಅಕ್ಷರವೂ ಸೊನ್ನೆ ಹತ್ತಿದ ಅಕ್ಷರವೂ ಗುರು, ಅದಕ್ಕೊಂದು ಗುರುತು, ಲಘುವಿಗೆ ಇನ್ನೊಂದು. ಈ ಗೀಟೂ ಗುರುವಿನದೇ ಇರಬೇಕು ಎಂದುಕೊಂಡೆ. ಡಿಸೆಂಬರ್ ತೆಗೆದು ನೋಡಿದರೆ ಗೀಟು ಸರಿಯಾಗಿ ‘ಸೆಂ’ ಮೇಲೆ ಇತ್ತು. ನವೆಂಬರ್‌ನಲ್ಲಿ ‘ವೆಂ’ ಮೇಲೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಅಡಿಗೆಮನೆಗೆ ಓಡಿ ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತ, “ಹಂಗಾರ ಅವರೂ ನಮ್ಮಂಗ ಅಂತಾಯ್ತು,” ಎಂದಳು. ಆ ಖುಷಿ ಸಂಜೆಯವರೆಗೂ ಉಳಿಯಲಿಲ್ಲ. ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ನಾನು ಅದನ್ನು ‘ಕಲೆಂಡರ್’ ಎಂದು ಓದುತ್ತಿದ್ದೆ. ನಮ್ಮ ಲೆಕ್ಕದಲ್ಲಿ ‘ಲೆಂ’ ಗುರು. ಡಿಕ್ಷನರಿಯಲ್ಲಿ ಗೀಟು ಮೊದಲನೆಯ ತುಂಡಿನ ಮೇಲೆ ಕುಳಿತಿತ್ತು. ನನ್ನ ಛಂದಸ್ಸು ಅಲ್ಲಿಗೆ ಮುಗಿಯಿತು.

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ ಸವಣೂರಿನ ಹೆಣ್ಣುಮಕ್ಕಳ ಕನ್ನಡ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಊರಂಚಿಗೆ, ಎಲೆಬಳ್ಳಿಯ ತೋಟಗಳು ಶುರುವಾಗುವಲ್ಲಿ, ಒಂದು ಕೋಣೆ ಬಾಡಿಗೆಗೆ ಹಿಡಿದೆ. ಹೋದ ನಾಲ್ಕನೆಯ ದಿನ ಶಾಲೆ ಮುಗಿಸಿ ಬರುತ್ತಿದ್ದೆ. ಪಕ್ಕದ ಮನೆಯ ಜಗುಲಿಯ ಮೇಲೆ ಒಬ್ಬ ಮುದುಕಿ ವೀಳ್ಯದೆಲೆಗಳನ್ನು ಒದ್ದೆ ಬಟ್ಟೆಯ ಮೇಲೆ ಹರವಿಕೊಂಡು ಕಟ್ಟು ಕಟ್ಟುತ್ತಿದ್ದಳು. ಒಂದು ಆಡು ಸದ್ದಿಲ್ಲದೆ ಬಂದು ಎಲೆಗೆ ಬಾಯಿ ಹಾಕಿತು. ಮುದುಕಿ ತಲೆ ಎತ್ತಿದವಳೇ ಗದರಿದಳು:

“ಗೆಟೌಟ್! ಇಮ್‌ಮೀಡ್ಯಟ್ಲಿ!”

ಆಡು ಓಡಿತು. ನಾನು ನಿಂತುಬಿಟ್ಟೆ. ಆಕೆ ಆಡಿದ್ದು ಇಂಗ್ಲಿಷ್ ಎಂದು ತಿಳಿಯಿತು, ಆದರೆ ಎರಡನೆಯ ಪದ ಯಾವುದೆಂದು ತಿಳಿಯಲಿಲ್ಲ. ಕೋಣೆಗೆ ಬಂದು ಸೆರಗನ್ನೂ ಸರಿಮಾಡಿಕೊಳ್ಳದೆ ಡಿಕ್ಷನರಿ ತೆಗೆದೆ. ಬಹಳ ಹೊತ್ತಿನ ಮೇಲೆ ಸಿಕ್ಕಿತು. ಎಷ್ಟೋ ಸಲ ಓದಿದ್ದ ಪದವೇ! ನಾನು ಅದನ್ನು ‘ಇಮ್ಮೆಡಿಯಾಟೆಲಿ’ ಎನ್ನುತ್ತಿದ್ದೆ. ಓರೆ ಗೀಟು ಎರಡನೆಯ ತುಂಡಿನ ಮೇಲಿತ್ತು. ಮುದುಕಿ ಜೋರಾಗಿ ಎತ್ತಿ ಆಡಿದ್ದೂ ಅದನ್ನೇ, ‘ಮೀ’.

ಮರುದಿನ ಜಗುಲಿಯ ಹತ್ತಿರ ಹೋಗಿ ನಿಂತೆ.

“ಬರ್ರಿ ಅಕ್ಕೋರ, ಕುಂಡ್ರ್ರಿ,” ಎಂದು ಆಕೆ ಎಲೆ ಸರಿಸಿ ಜಾಗ ಮಾಡಿದಳು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಎಲ್ಲರೂ ಅಕ್ಕೋರು ಎಂದೇ ಕರೆಯುವುದು.

“ಆಯಿ, ನಿಮಗ ಇಂಗ್ಲಿಷ್ ಹೆಂಗ ಬಂತ್ರಿ?”

“ಸಾಹೇಬರ ಮನ್ಯಾಗ ಹದಿನಾರು ವರ್ಷ ಇದ್ನೆಲ್ರಿ.”

ಆಕೆಯ ಊರು ತಡಸ. ಒಕ್ಕಲಿಗರ ಮನೆಯ ಮಗಳು. ಗಂಡ ಸತ್ತ ಮೇಲೆ ಹೊಟ್ಟೆಪಾಡಿಗಾಗಿ ಬೆಳಗಾವಿಗೆ ಹೋಗಿ ಒಬ್ಬ ಬಿಳಿಯ ಅಧಿಕಾರಿಯ ಮನೆಯಲ್ಲಿ ಆಯಾ ಆದಳು. ಅವರ ಒಬ್ಬಳೇ ಮಗಳನ್ನು ಹುಟ್ಟಿದ ದಿನದಿಂದ ಒಂಬತ್ತು ವರ್ಷದವರೆಗೆ ಎತ್ತಿ ಆಡಿಸಿದಳು. ಆ ಮಗುವನ್ನು ಓದಿಗೆಂದು ವಿಲಾಯಿತಿಗೆ ಕಳಿಸಿದರು. ಕೆಲ ವರ್ಷಗಳ ಮೇಲೆ ಸಾಹೇಬರೂ ಹೋದರು. ಆಯಿ ಸವಣೂರಿಗೆ, ತಮ್ಮನ ಮಗನ ಮನೆಗೆ ಬಂದಳು. ಅವಳಿಗೆ ಯಾವ ಭಾಷೆಯ ಅಕ್ಷರವೂ ಬರುತ್ತಿರಲಿಲ್ಲ. ಕೇಳಿದ್ದಷ್ಟೇ ಅವಳ ಇಂಗ್ಲಿಷ್, ಓದಿದ್ದಷ್ಟೇ ನನ್ನದು.

ಪರಿಚಯವಾದ ಒಂದು ವಾರಕ್ಕೆ ಆಯಿ ಒಳಗಿನಿಂದ ತಗಡಿನ ಡಬ್ಬಿ ತಂದಳು. ಅದರಲ್ಲಿ ಮಡಿಸಿದ ಪತ್ರ. ಆ ಹುಡುಗಿ ಬರೆದದ್ದು. ಯುದ್ಧಕ್ಕೆ ಸ್ವಲ್ಪ ಮೊದಲು ಬಂದಿತ್ತಂತೆ.

“ಪೋಸ್ಟ್ ಮಾಸ್ತರ ಓದಿ, ಹುಡುಗಿ ಆರಾಮದಾಳ, ನಿನ್ನ ನೆನಸ್ಯಾಳ ಅಂದ್ರು. ಎರಡು ಪುಟಾ ಬರದಾಳ್ರಿ ಆಕಿ. ಎರಡು ಪುಟದಾಗ ಇಷ್ಟ ಏನ್ರಿ ಇರೋದು? ನೀವು ಓದ್ರಿ.”

ನಾನು ಹೆಮ್ಮೆಯಿಂದಲೇ ಓದತೊಡಗಿದೆ. ಆಯಿ ಕಿವಿಯ ಮೇಲಿನ ಸೆರಗು ಸರಿಸಿ ಕುಳಿತಳು. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಅವಳ ಹುಬ್ಬು ಗಂಟಿಕ್ಕಿತು. ಒಂದು ಪುಟ ಮುಗಿದಾಗ ಕೈ ಎತ್ತಿ ತಡೆದಳು.

“ಇದು ಯಾವ ಭಾಷಾರಿ?”

“ಇಂಗ್ಲಿಷ್, ಆಯಿ.”

“ಅಲ್ರಿ. ಇಂಗ್ಲಿಷ್ ಹಿಂಗಿರೂದಿಲ್ಲ.”

ನನ್ನ ಮುಖ ಬಿಸಿಯಾಯಿತು. ಕನ್ನಡದಲ್ಲಿ ಅರ್ಥ ಹೇಳಲು ಹೋದೆ. ಹುಡುಗಿ ಈಗ ಆಸ್ಪತ್ರೆಯಲ್ಲಿ ನರ್ಸ್ ಆಗಲು ಕಲಿಯುತ್ತಿದ್ದಾಳೆ, ಮೊದಲ ದಿನವೇ ಥರ್ಮಾಮೀಟರ್ ಒಡೆದಳು ಎಂದೆ. ಆಯಿ ಕೇಳಿದಳು, ತಲೆಯಾಡಿಸಿದಳು, ಆದರೆ ಸಮಾಧಾನವಾಗಲಿಲ್ಲ.

“ಅರ್ಥಾ ಪೋಸ್ಟ್ ಮಾಸ್ತರೂ ಹೇಳಿದ್ರು. ನನಗ ಆಕಿ ಮಾತಾಡಿದಂಗ ಕೇಳಬೇಕ್ರಿ. ಆಕಿ ಬಾಯಿ ನನಗ ಗೊತ್ತೈತಿ. ನೀವು ಓದಿದ್ರಾಗ ಆಕಿ ಇಲ್ಲ.”

ಪತ್ರವನ್ನು ನನ್ನ ಕೈಯಲ್ಲೇ ಬಿಟ್ಟಳು. “ಇಟ್ಕೊಂಡು ಕಲೀರಿ,” ಎಂದಳು. ಯಾವ ಪರೀಕ್ಷೆಗೂ ನಾನು ಅಷ್ಟು ಹೆದರಿರಲಿಲ್ಲ.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಪತ್ರದ ಉದ್ದ ಪದಗಳನ್ನು ಒಂದು ನೋಟಬುಕ್ಕಿಗೆ ಇಳಿಸಿ, ಡಿಕ್ಷನರಿ ನೋಡಿ ಚುಕ್ಕೆ ಹಾಕಿ ತುಂಡು ಮಾಡುವುದು, ಗೀಟನ್ನೂ ನಕಲು ಮಾಡುವುದು, ಆಮೇಲೆ ಜಗುಲಿಗೆ ಹೋಗಿ ಆಯಿಯ ಬಾಯಿಂದ ಅದೇ ಪದವನ್ನು ಹೊರಡಿಸುವುದು ನನ್ನ ಕೆಲಸವಾಯಿತು. ಪದವನ್ನು ನೇರವಾಗಿ ಕೇಳುವಂತಿರಲಿಲ್ಲ. ನನ್ನ ಬಾಯಲ್ಲಿ ಅದು ಅವಳಿಗೆ ಗುರುತೇ ಸಿಗುತ್ತಿರಲಿಲ್ಲ.

“ಆಯಿ, ಕೂಸನ್ನ ಕೂಡಿಸಿ ದಬ್ಬೂ ಗಾಡೀಗೆ ಏನಂತಿದ್ರು?”

“ಪರ‍್ಯಾಂಬ್ಯುಲೇಟರ್!”

ನೋಟಬುಕ್ಕಿನಲ್ಲಿ ನಾನು ಅದನ್ನು ‘ಪೆರಂಬುಲಾಟೋರ್’ ಎಂದು ಬರೆದುಕೊಂಡಿದ್ದೆ. ಐದು ತುಂಡಿನ ಪದ. ಗೀಟು ಎರಡನೆಯದರ ಮೇಲೆ. ಆಯಿಯ ದನಿಯೂ ಎರಡನೆಯದರ ಮೇಲೆ ಜಿಗಿಯಿತು, ಅದರ ಮುಂದಿನದು ಹಿಂದಿನದು ಎಲ್ಲ ಸಣ್ಣಗಾಗಿ ಒಂದರೊಳಗೊಂದು ಸೇರಿಕೊಂಡವು.

“ಜ್ವರಾ ನೋಡೂ ಕಡ್ಡೀಗೆ?”

“ಥಮಾಮಿಟರ್.” ‘ಮಾ’ ಒಂದೇ ನನಗೆ ಸ್ಪಷ್ಟವಾಗಿ ಕೇಳಿದ್ದು. ಗೀಟೂ ಅಲ್ಲಿಯೇ ಇತ್ತು.

ಆದರೂ ನನಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಇದು ಆಕಸ್ಮಿಕವಾಗಿಯೂ ಹೊಂದಿರಬಹುದು, ಡಿಸೆಂಬರ್ ಹೊಂದಿರಲಿಲ್ಲವೇ? ಅನುಮಾನ ಹೋದದ್ದು ಫೋಟೋದ ಮಾತು ಬಂದಾಗ. ಪತ್ರದಲ್ಲಿ ಹುಡುಗಿ, ನಮ್ಮಿಬ್ಬರ ಚಿತ್ರ ದಿನವೂ ನೋಡುತ್ತೇನೆ, ಅದನ್ನು ತೆಗೆಯಲು ಬಂದವನನ್ನು ನೀನು ಓಡಿಸಿದ್ದು ನೆನಪಿದೆಯೇ ಎಂದು ಕೇಳಿದ್ದಳು. ಇದನ್ನು ಹೇಳಿದ ಕೂಡಲೇ ಆಯಿ ಎಲೆ ಕಟ್ಟುವುದನ್ನು ನಿಲ್ಲಿಸಿದಳು.

“ನೆನಪಿಲ್ದ ಏನ್ರಿ! ಕರೇ ಬಟ್ಟಿ ಹೊತ್ತುಕೊಂಡು ನಿಂತಾ, ಕೂಸು ಅಂಜಿ ಅಳಾಕ ಹತ್ತಿತು. ನಾ ಕಸಬರಗಿ ತಗೊಂಡೆ. ಮೇಮ್‌ಸಾಹೇಬ್ರು ಬಂದು, ‘ಆಯಾ, ಫಟಾಗ್ರಫರ್‌ನ ಬಿಡು, ಫೋಟಗ್ರಾಫ್ ಹೆಂಗ ತಗೀಬೇಕು?’ ಅಂತ ಕೂಗಾಡಿದ್ರು.”

“ಆಯಿ, ಇನ್ನೊಮ್ಮೆ ಅನ್ರಿ. ಮೊದಲನೇದು?”

“ಫಟಾಗ್ರಫರ್.”

“ಎರಡನೇದು?”

“ಫೋಟಗ್ರಾಫ್. ಯಾಕ್ರಿ?”

ಚಿತ್ರಕ್ಕೆ ದನಿ ತಲೆಯಲ್ಲೇ ಬಿದ್ದಿತು. ತೆಗೆಯುವವನಿಗೆ ಬಂದಾಗ ಅದು ಎರಡನೆಯ ತುಂಡಿಗೆ ಸರಿಯಿತು, ಮೊದಲಿದ್ದ ‘ಫೋ’ ಬರೀ ‘ಫ’ ಆಗಿ ಸೊರಗಿತು. ನಾನು ಜಗುಲಿಯಿಂದ ಇಳಿದು ಓಡಿದೆ. ಚಪ್ಪಲಿ ಅಲ್ಲಿಯೇ ಉಳಿದವು. ಡಿಕ್ಷನರಿಯಲ್ಲಿ ಎರಡೂ ಪದ ಒಂದರ ಕೆಳಗೊಂದು ಇದ್ದವು. ಮೇಲಿನದರಲ್ಲಿ ಗೀಟು ಮೊದಲ ತುಂಡಿಗೆ, ಕೆಳಗಿನದರಲ್ಲಿ ಎರಡನೆಯದಕ್ಕೆ. ಅದೇ ಬಳಗದ ಮೂರನೆಯ ಪದವೊಂದು, ಕೊನೆಗೆ ‘ಇಕ್’ ಹಚ್ಚಿಕೊಂಡದ್ದು, ಅಲ್ಲೇ ಇತ್ತು. ಅದರಲ್ಲಿ ಗೀಟು ಮೂರನೆಯದಕ್ಕೆ ಹೋಗಿತ್ತು. ಒಂದೇ ಬೇರಿನ ಪದ, ಬಾಲ ಬದಲಾದ ಹಾಗೆ ದನಿ ಬೀಳುವ ಜಾಗವೂ ಬದಲಾಗುತ್ತದೆ! ಹಿರೇಕೆರೂರಿನ ಮಾಸ್ತರರು ಅದನ್ನು ಛಾಪಖಾನೆಯವರ ಗುರುತು ಎಂದಿದ್ದರಲ್ಲ, ಆ ಗಳಿಗೆಯಲ್ಲಿ ಅವರು ಎದುರಿಗಿದ್ದಿದ್ದರೆ ಪುಸ್ತಕವನ್ನು ಅವರ ಮೂಗಿನ ಹತ್ತಿರ ಹಿಡಿಯುತ್ತಿದ್ದೆ.

ಆಮೇಲೆ ನನಗೆ ಹುಚ್ಚೇ ಹಿಡಿಯಿತು. ಎಷ್ಟೋ ಪದಗಳ ಕೊನೆಯಲ್ಲಿ ‘ಷನ್’ ಬರುತ್ತದಲ್ಲ, ಅವುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಎಜುಕೇಷನ್, ವ್ಯಾಕ್ಸಿನೇಷನ್, ಎಕ್ಸಾಮಿನೇಷನ್. ಗೀಟು ಎಲ್ಲದರಲ್ಲಿಯೂ ‘ಷನ್’ನ ಹಿಂದಿನ ತುಂಡಿನ ಮೇಲೆಯೇ. ಇದನ್ನು ನಾನೇ ಕಂಡುಹಿಡಿದೆ ಎಂದು ಎರಡು ದಿನ ಬೀಗಿದೆ. ಆಯಿಗೆ ಹೇಳಿದಾಗ ಅವಳು, “ಅದು ಗೊತ್ತಿರೂದಲ್ಲೇನ್ರಿ?” ಎಂದು ಎಲೆಯ ತೊಟ್ಟು ಚಿವುಟಿದಳು. ಕನ್ನಡ ವ್ಯಾಕರಣ ಗೊತ್ತಿಲ್ಲದ ನನ್ನ ಅವ್ವ ಒಮ್ಮೆಯೂ ವಿಭಕ್ತಿ ತಪ್ಪುತ್ತಿರಲಿಲ್ಲ, ಇದೂ ಹಾಗೆಯೇ.

ಪತ್ರದಲ್ಲಿ ಒಂದೇ ಒಂದು ಪದ ಮಾತ್ರ ನನ್ನ ಕೈಗೆ ಸಿಗಲಿಲ್ಲ. ಹುಡುಗಿ ತನ್ನ ಹೆಸರು ಬರೆದ ಮೇಲೆ, ಅದರ ಕೆಳಗಿನ ಸಾಲಿನಲ್ಲಿ ಒಂಟಿಯಾಗಿ, ಹದಿಮೂರು ಅಕ್ಷರದ ಒಂದು ಪದ ಬರೆದಿದ್ದಳು. ಮೊದಲು ಅದನ್ನು ಊರ ಹೆಸರೆಂದುಕೊಂಡೆ. ಆದರೆ ಊರು, ವಿಳಾಸ ಮೇಲ್ಗಡೆಯೇ ಇತ್ತು. ಡಿಕ್ಷನರಿಯಲ್ಲಿ ಅಂಥ ಪದವಿಲ್ಲ. ಸರಿ, ತುಂಡು ಮಾಡಿ ನೋಡೋಣ ಎಂದುಕೊಂಡೆ. ಮೊದಲಿಗೆ ‘ಅನ್’. ಅದು ‘ಅಲ್ಲ’ ಎನ್ನುವುದಕ್ಕೆ ಪದದ ಮುಂದೆ ಹಚ್ಚುವುದು, ಪತ್ರದಲ್ಲಿ ‘ದುರ್ದೈವದಿಂದ’ ಎನ್ನುವ ಅರ್ಥದ ಇಂಗ್ಲಿಷ್ ಮಾತಿಗೂ ಅದೇ ತಲೆ ಇತ್ತು. ಆಮೇಲೆ ‘ಡೈನ್’ ಎನ್ನುವಂಥದು, ಅಂದರೆ ಉಣ್ಣು. ಆಮೇಲೆ ‘ಬಂಗ’. ಬಂಗಲೆಯೇ? ‘ಬಂಗಲೆಯಲ್ಲಿ ಊಟ ಮಾಡದ’ ಏನೋ ಒಂದು? ಗೀಟನ್ನು ಒಂದೊಂದು ತುಂಡಿನ ಮೇಲೂ ಇಟ್ಟು ಓದಿದೆ. ಅನ್‌ಡೈನಬಂಗರ, ಅನ್‌ಡೈನಬಂಗರ. ಆಯಿಯ ಮುಂದೆಯೂ ಅಂದು ನೋಡಿದೆ. “ಸಾಹೇಬ್ರ ಮನ್ಯಾಗ ಅಂಥಾ ಮಾತ ಇರಲಿಲ್ರಿ,” ಎಂದಳು.

ಆ ತಿಂಗಳು ರಜೆಯಲ್ಲಿ ಸೋದರತ್ತೆಯ ಮನೆಗೆಂದು ಆಡೂರಿಗೆ ಹೋಗಿದ್ದೆ. ಗುಡಿಯ ಹತ್ತಿರದ ಹಳೆಯ ಶಾಸನದ ಕಲ್ಲನ್ನು ಚಿಕ್ಕಂದಿನಿಂದ ನೋಡಿದ್ದೆ. ಆ ಸಲ ಅದರ ಮುಂದೆ ಸುಮ್ಮನೆ ಕುಳಿತೆ. ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ತೋರಿಸುವ ಜಾಗವೇ ಅದರಲ್ಲಿಲ್ಲ. ಅಕ್ಷರಗಳು ಸಾಲಾಗಿ ಹೋಗುತ್ತವೆ. ಹುಡುಗಿಯ ಪದವೂ ಒಂದು ಪದ ಅಲ್ಲದಿರಬಹುದಲ್ಲ ಎಂದು ಆಗ ಮೊದಲ ಸಲ ಹೊಳೆಯಿತು. ಎರಡೋ ಮೂರೋ ಪದಗಳನ್ನು ಕೂಡಿಸಿ ಬರೆದಿರಬಹುದು. ಯಾವ ಪದಗಳು ಎನ್ನುವುದು ಮಾತ್ರ ಹೊಳೆಯಲಿಲ್ಲ.

ಸವಣೂರಿಗೆ ಮರಳಿದ ಮೇಲೆ ಒಂದು ರವಿವಾರ ಮುಂಜಾನೆ, ಇನ್ನು ತಡಮಾಡಬಾರದೆಂದು ಪತ್ರ ತೆಗೆದುಕೊಂಡು ಹೋದೆ. ಆಯಿ ತಲೆಗೆ ನೀರೆರೆದುಕೊಂಡು ಬಿಸಿಲಿಗೆ ಕುಳಿತಿದ್ದಳು. ಓದತೊಡಗಿದೆ. ಗೀಟಿದ್ದಲ್ಲಿ ದನಿ ಎತ್ತಿ, ಉಳಿದದ್ದನ್ನು ತೇಲಿಸಿ. ಎರಡನೆಯ ಸಾಲಿಗೆ ಆಯಿಯ ಕೈ ಕೂದಲಲ್ಲೇ ನಿಂತಿತು. ಥರ್ಮಾಮೀಟರ್ ಒಡೆದ ಮಾತಿಗೆ, ನಾನು ಅರ್ಥ ಹೇಳುವ ಮೊದಲೇ, ಅವಳು ಗಟ್ಟಿಯಾಗಿ ನಕ್ಕಳು. “ಸಣ್ಣಾಕಿದ್ದಾಗ ಎರಡು ಒಡದಿದ್ಲು!” ಎಂದಳು. ನಡುವೆ ಎರಡು ಸಲ ಪತ್ರಕ್ಕೆ ತಾನೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು, ಹುಡುಗಿ ಎದುರಿಗೆ ಕುಳಿತಿದ್ದ ಹಾಗೆ. ಅವಳು ಆಡಿ ಮುಗಿಸುವವರೆಗೆ ನಾನು ಸಾಲಿನ ಮೇಲೆ ಬೆರಳಿಟ್ಟು ಕಾದೆ.

ಹೆಸರಿನವರೆಗೆ ಓದಿ ನಿಲ್ಲಿಸಿದೆ.

“ಮುಗೀತ್ರಿ?”

“ಆ ಒಂದು ಪದಾ ಉಳೀತು, ಆಯಿ. ಅದು ನನಗ ಬಗಿಹರಿಯೂದಿಲ್ಲ.”

“ಬಂದಂಗ ಅನ್ರಿ.”

ನನಗೆ ಬೇಸರವಾಗಿತ್ತು. ಯಾವ ತುಂಡಿಗೂ ಒತ್ತು ಕೊಡದೆ, ಮೊದಲಿನ ನನ್ನ ಚಾಳಿಯಂತೆ, ಎಲ್ಲ ಅಕ್ಷರಗಳನ್ನೂ ಒಂದೇ ಸಮನೆ ಓದಿಬಿಟ್ಟೆ: “ಉಂ-ಡಿ-ನ-ಬಂ-ಗ-ರ.”

ಆಯಿ ನನ್ನ ಕಡೆಗೆ ಪೂರ್ತಿ ತಿರುಗಿ ಕುಳಿತಳು. ನಾನು ತಲೆ ಎತ್ತಿದೆ. ನನ್ನ ಕಿವಿಗೂ ಅಷ್ಟರಲ್ಲಿ ಅದು ಬಿದ್ದಿತ್ತು.

ಉಂಡೀನ ಬಂಗಾರಾ?

“ದಿನಾ ಕೇಳ್ತಿದ್ನಿರಿ,” ಎಂದಳು ಆಯಿ. “ಮೇಜಿನ ಮ್ಯಾಲೆ ಉಂಡು ನನ್ನ ಕಡೆ ಓಡಿ ಬರ್ತಿದ್ಲು. ಉಂಡೀನ ಬಂಗಾರಾ ಅಂತ ಕೇಳಿದ್ರ, ಇಲ್ಲಾ ಅಂತ ಸುಳ್ಳ ಹೇಳ್ತಿದ್ಲು. ನನ್ನ ರೊಟ್ಟಿ ಬೇಕಲ್ಲ ಆಕಿಗೆ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಕನ್ನಡಾ ಮರತಿಲ್ಲ ನೋಡ್ರಿ.”

ಎರಡು ತಿಂಗಳು ನಾನು ಡಿಕ್ಷನರಿಯಲ್ಲಿ ಹುಡುಕಿದ್ದು ನನ್ನ ತಾಯಿಯ ಮಾತನ್ನು! ನಾಚಿಕೆಯಾಯಿತು, ನಗುವೂ ಬಂತು. ಇಬ್ಬರೂ ನಕ್ಕೆವು. ಒಳಗಿನಿಂದ ಆಯಿಯ ತಮ್ಮನ ಸೊಸೆ ಬಂದು ಏನಾಯಿತೆಂದು ಕೇಳಿದರೆ ಹೇಳಲೂ ಆಗಲಿಲ್ಲ.

ಉತ್ತರ ಬರೆಯಬೇಕೆಂದು ಆಯಿ ಹಟ ಹಿಡಿದಳು. ಅವಳು ಆಡಿದಳು, ನಾನು ಬರೆದೆ. ಈಗ ಕೆಲಸ ತಿರುವುಮುರುವಾಯಿತು: ಕಿವಿಗೆ ಬಿದ್ದದ್ದಕ್ಕೆ ಅಕ್ಷರ ಹುಡುಕಬೇಕು. ನೀನು ಸಣ್ಣವಳಿದ್ದಾಗ ‘ಇಂಪಟನಂಟ್’ ಇದ್ದೆ ಎಂದು ಬರೆಯಿರಿ ಎಂದಳು. ದೊಡ್ಡವರಿಗೆ ಎದುರು ಮಾತಾಡುವವರಿಗೆ ಹಾಗೆ ಅನ್ನುತ್ತಾರಂತೆ. ಒತ್ತು ಎರಡನೆಯದಕ್ಕೆ ಎನ್ನುವುದು ಸ್ಪಷ್ಟ. ಒತ್ತಿಲ್ಲದ ತುಂಡುಗಳಲ್ಲಿ ಯಾವ ಸ್ವರ ಅಡಗಿದೆಯೋ ದೇವರಿಗೇ ಗೊತ್ತು. ಮೂರು ದಿನ ಪುಟ ತಿರುವಿದ ಮೇಲೆ ಪದ ಸಿಕ್ಕಿತು, ‘ಇಂಪರ್ಟಿನೆಂಟ್’. ಒತ್ತು ಬೀಳದ ತುಂಡಿನಲ್ಲಿ ಸ್ವರ ಹೀಗೆ ಮಸುಕಾಗುವುದರಿಂದಲೇ ಆ ಭಾಷೆಯ ಕಾಗುಣಿತ ಇಷ್ಟು ಕಠಿಣವೆಂದು ಆಗ ತಿಳಿಯಿತು.

ಕೊನೆಯಲ್ಲಿ ಆಯಿ, “ಉಂಡೇನಿ ಅಂತ ಬರೀರಿ,” ಎಂದಳು.

“ಇಂಗ್ಲಿಷಿನ್ಯಾಗ?”

“ಇಂಗ್ಲಿಷ್ ಅಕ್ಷರದಾಗ, ನಮ್ಮ ಮಾತು. ಆಕಿ ಕೇಳ್ಯಾಳ. ಉತ್ತರಾ ಕೊಡಬೇಕಲ್ರಿ?”

ಪತ್ರ ಹಾಕಲು ಇಬ್ಬರೂ ಹೋದೆವು. ಪೋಸ್ಟ್ ಮಾಸ್ತರರು ಇನ್ನೂ ಅಂಟಿಸದ ಪತ್ರದ ಮೇಲೆ ಕಣ್ಣಾಡಿಸಿ ನನಗೆ ಬುದ್ಧಿ ಹೇಳಿದರು. “ಲಡಾಯಿ ಕಾಲ. ಎಲ್ಲಾ ಪತ್ರಾ ಒಡದು ನೋಡ್ತಾರ. ಇಂಥಾ ಅರ್ಥಿಲ್ಲದ ಪದಾ ಕಂಡ್ರ ಗುಪ್ತ ಮಾತು ಅಂತಾರ. ಅದೊಂದು ಹೊಡದ್ ಹಾಕ್ರಿ, ಅಕ್ಕೋರ.”

ನಾನು ಅನುಮಾನಿಸಿದೆ. ಆಯಿ ಕಿಟಕಿಗೆ ಮುಖ ತಂದು, “ನಾ ಉಂಡದ್ದು ಯಾರಿಗೆ ಗುಟ್ಟುರಿ?” ಎಂದಳು. ಮಾಸ್ತರರು ನಕ್ಕು ಲಕೋಟೆಗೆ ಮುದ್ರೆ ಒತ್ತಿದರು.

ಮರುವರ್ಷ ನನಗೆ ಹಿರೇಕೆರೂರಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮ್ಯಾಟ್ರಿಕ್ಕಿನಲ್ಲಿ ಮೊದಲ ಸಲ ಗಣಿತ ಕೈಕೊಟ್ಟಿತು, ಎರಡನೆಯ ಸಲ ಪಾಸಾದೆ. ಅದರ ನಡುವೆ, ಬೇಸಿಗೆಯ ರಜೆ ಶುರುವಾಗುವ ಹೊತ್ತಿಗೆ, ಸವಣೂರಿನಿಂದ ಒಂದು ಕಾರ್ಡು ಬಂತು. ಆಯಿಯ ತಮ್ಮನ ಮಗ ಬರೆಸಿದ್ದು: ವಿಲಾಯಿತಿಯ ಪತ್ರ ಬಂದಿದೆ, ಆಯಿ ಯಾರಿಗೂ ಒಡೆಯಗೊಡುತ್ತಿಲ್ಲ, ಅಕ್ಕೋರೇ ಬರಬೇಕಂತೆ.

ಮೋಟಾರಿನಲ್ಲಿ ದಿನವಿಡೀ ಧೂಳು ಕುಡಿದು ಹೋದೆ. ತಪಾಸಣೆಯವರು ಲಕೋಟೆ ಒಡೆದು ಚೀಟಿ ಅಂಟಿಸಿದ್ದರು, ಆದರೆ ಒಳಗೆ ಯಾವ ಸಾಲಿಗೂ ಕತ್ತರಿ ಬಿದ್ದಿರಲಿಲ್ಲ. ಹುಡುಗಿಯ ಪರೀಕ್ಷೆ ಮುಗಿದಿತ್ತು. ಗಾಯಗೊಂಡ ಸೈನಿಕರ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಳು. ಈ ಸಲ ನಾನು ನೋಟಬುಕ್ಕು ತೆಗೆಯಲಿಲ್ಲ, ಡಿಕ್ಷನರಿ ಹಿರೇಕೆರೂರಿನಲ್ಲೇ ಇತ್ತು. ಜಗುಲಿಯ ಮೇಲೆ ಕುಳಿತು, ನೀರು ಕುಡಿದು, ಮೊದಲ ನೋಟಕ್ಕೇ ಮೂರು ಪುಟ ಓದಿದೆ. ಆಯಿ ಕಣ್ಣು ಮುಚ್ಚಿ ಕೇಳಿದಳು. ಎರಡು ಕಡೆ ಮಾತ್ರ ಕೈ ಎತ್ತಿ ತಡೆದು, “ಹಂಗಲ್ರಿ,” ಎಂದು ತಿದ್ದಿದಳು.